ಬಿಕಾಂ ಆದ ಮೇಲೆ ಅನಾಟಮಿ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಅಲ್ಲಿಂದ ಯೂನಿವರ್ಸಿಟಿಯ ನರ್ಸಿಂಗ್‌ಗೆ ಟ್ರಾನ್ಸ್‌ಫರ್ ಆಗಬೇಕೆಂದು ಯೋಚಿಸುವವರು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದದ್ದು ಇದು: ಯೂನಿವರ್ಸಿಟಿಯಲ್ಲಿ ಸೀಟು ಸಿಗುವುದು ಬೇರೆ, ನರ್ಸಿಂಗ್‌ನಲ್ಲಿ ಸೀಟು ಸಿಗುವುದು ಬೇರೆ. ಸದ್ಯಕ್ಕೆ ಸೋಷಿಯಾಲಜಿಗೆ ಸೇರಿಕೊಂಡು, ಒಳಗೆ ಹೋದ ಮೇಲೆ ನಿಧಾನವಾಗಿ ನರ್ಸಿಂಗ್‌ಗೆ ಬದಲಾಯಿಸಿಕೊಂಡರಾಯಿತು ಅನ್ನುವ ಲೆಕ್ಕ ಇಲ್ಲಿ ಹೆಚ್ಚಿನ ಕಡೆ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಕ್ಯಾಲ್ ಸ್ಟೇಟ್ ವ್ಯವಸ್ಥೆಯಲ್ಲಿ ನರ್ಸಿಂಗ್ ಇರುವ ಕ್ಯಾಂಪಸ್‌ಗಳಲ್ಲೆಲ್ಲ ಅದು ‘ಇಂಪ್ಯಾಕ್ಟೆಡ್’ ವಿಭಾಗ. ಇರುವ ಸೀಟಿಗಿಂತ ಅರ್ಹರ ಸಂಖ್ಯೆಯೇ ಹೆಚ್ಚು. ಹಾಗಾಗಿ ಆಯ್ಕೆ ನಡೆಯುವುದು ಹೊರಗೇ, ಅರ್ಜಿಯ ಹಂತದಲ್ಲೇ. ಇದು ಗೊತ್ತಾದ ದಿನದಿಂದ ಇಡೀ ಯೋಜನೆಯ ದಿಕ್ಕೇ ಬದಲಾಗುತ್ತದೆ.

ನಾನು ಹಾಸನದ ಕಡೆಯವಳು. ಬಿಕಾಂ ಓದಿದ್ದೇನೆ. ಸ್ಯಾನ್ ಹೋಸೆಯ ಸುತ್ತಮುತ್ತ ಸಂಸಾರ ಮಾಡಿಕೊಂಡು ವರ್ಷಗಳೇ ಆದವು, ವಯಸ್ಸು ನಲವತ್ತು ದಾಟಿದೆ. ಈಗ ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್‌ಗೆ ಬೇಕಾದ ಕೋರ್ಸುಗಳನ್ನು ಒಂದೊಂದಾಗಿ ಮುಗಿಸುತ್ತಿದ್ದೇನೆ. ಯುಗಾದಿ ಊಟದಲ್ಲೋ ಪಾರ್ಕಿನ ಪಿಕ್ನಿಕ್ಕಿನಲ್ಲೋ ಯಾರಾದರೊಬ್ಬರು ಪಕ್ಕಕ್ಕೆ ಕರೆದು, ‘ಅಕ್ಕ, ನೀವು ಅದೇನೋ ಓದ್ತಾ ಇದೀರಂತಲ್ಲ, ನಂಗೂ ಸ್ವಲ್ಪ ಹೇಳಿ’ ಅನ್ನುತ್ತಾರೆ. ನಿಂತಲ್ಲೇ ಹೇಳಿ ಮುಗಿಸುವ ವಿಷಯವಲ್ಲ ಇದು. ಅದಕ್ಕೇ ಬರೆಯಲು ಕೂತೆ.

ನರ್ಸಿಂಗೇ ಯಾಕೆ ಅಂತ ಅಮ್ಮ ಇವತ್ತಿಗೂ ಕೇಳುತ್ತಾಳೆ. ‘ಅಲ್ಲ ಕಣೇ, ನರ್ಸ್ ಆಗೋದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲೇ ಓದ್ಬಹುದಿತ್ತಲ್ಲ’ ಅಂತ. ಅವಳ ಮಾತಿನಲ್ಲಿ ತಾತ್ಸಾರ ಇಲ್ಲ, ದಿಗಿಲಿದೆ. ಸ್ನೇಹಿತೆಯೊಬ್ಬಳ ತಂದೆ ಮಗಳನ್ನು ನೋಡಲು ಬಂದವರು ಎದೆನೋವೆಂದು ಇಲ್ಲಿನ ಆಸ್ಪತ್ರೆ ಸೇರಿದ್ದರು. ಅವರಿಗೆ ಇಂಗ್ಲಿಷ್ ಬಾರದು. ಆಸ್ಪತ್ರೆಯವರು ಫೋನಿನಲ್ಲಿ ಕನ್ನಡ ದುಭಾಷಿಯನ್ನು ಹಿಡಿದುಕೊಟ್ಟಿದ್ದರು, ಡಾಕ್ಟರ ಮಾತು ಅನುವಾದವಾಗಿ ಬಂತು. ಆದರೆ ರಾತ್ರಿ ಪಾಳಿಯ ನರ್ಸ್ ಒಬ್ಬರು, ಫಿಲಿಪೈನ್ಸ್ ಮೂಲದವರು, ಕಾಗದದ ಮೇಲೆ ಹೃದಯದ ಚಿತ್ರ ಬರೆದು, ರಕ್ತನಾಳ ಎಲ್ಲಿ ಕಟ್ಟಿಕೊಂಡಿದೆ, ಸ್ಟೆಂಟ್ ಎಲ್ಲಿ ಕೂರುತ್ತದೆ ಅಂತ ಬೆರಳಿಟ್ಟು ತೋರಿಸಿದರು. ಮುದುಕರು ಸಮಾಧಾನವಾಗಿ ಮಲಗಿದ್ದು ಅದಾದ ಮೇಲೆ. ಆ ಕೆಲಸ ನನ್ನಿಂದಲೂ ಆಗಬಹುದು ಅನ್ನಿಸಿತು. ಕಾರಣ ಅಷ್ಟೇ, ಅದಕ್ಕಿಂತ ದೊಡ್ಡದೇನೂ ಇಲ್ಲ.

ನಮ್ಮೂರಲ್ಲಿ ಎಸೆಸೆಲ್ಸಿ ಆದ ಮೇಲೆ ಆರ್ಟ್ಸ್, ಕಾಮರ್ಸ್, ಸೈನ್ಸ್ ಅಂತ ಒಂದು ಆಯ್ಕೆ ಮಾಡಿಸುತ್ತಾರೆ. ಹದಿನಾರನೇ ವಯಸ್ಸಿನಲ್ಲಿ ಮಾಡಿದ ಆ ಆಯ್ಕೆ ಜೀವಶಾಸ್ತ್ರದ ಬಾಗಿಲನ್ನು ಹೆಚ್ಚುಕಡಿಮೆ ಶಾಶ್ವತವಾಗಿ ಮುಚ್ಚಿಬಿಡುತ್ತದೆ. ಪಿಯುಸಿಯಲ್ಲಿ ಬಯಾಲಜಿ ಇಲ್ಲದವಳಿಗೆ ಬಿಎಸ್ಸಿ ನರ್ಸಿಂಗ್ ಮರೀಚಿಕೆ. ಇಲ್ಲಿ ಹಾಗಿಲ್ಲ. ಕ್ಯಾಲಿಫೋರ್ನಿಯಾ 1960ರಲ್ಲಿ ತನ್ನ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಿಕೊಂಡಿತು. ಮೇಲೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ), ನಡುವೆ ಕ್ಯಾಲ್ ಸ್ಟೇಟ್, ಬುಡದಲ್ಲಿ ಕಮ್ಯುನಿಟಿ ಕಾಲೇಜುಗಳು. ಬುಡದ ಮೆಟ್ಟಿಲು ಎಲ್ಲರಿಗೂ ತೆರೆದಿರಬೇಕು, ಅಲ್ಲಿಂದ ಮೇಲಿನ ಎರಡಕ್ಕೂ ಹತ್ತುವ ದಾರಿ ಇರಬೇಕು ಅನ್ನುವುದು ಆ ಯೋಜನೆಯ ತಿರುಳು. ಈಗ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಒಂದು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್ ಫೀಸು (ಒಂದು ಕೋರ್ಸು ಎಷ್ಟು ದೊಡ್ಡದು ಅನ್ನುವುದರ ಅಳತೆ ಈ ಯೂನಿಟ್). ಹದಿನೆಂಟು ದಾಟಿದ ಯಾರೇ ಆಗಲಿ, ಏನೇ ಓದಿರಲಿ, ಹೆಸರು ನೋಂದಾಯಿಸಿ ಮೂಲ ಬಯಾಲಜಿಯಿಂದ ಶುರು ಮಾಡಬಹುದು. ನಮ್ಮ ಜನರಲ್ಲಿ ಕಮ್ಯುನಿಟಿ ಕಾಲೇಜು ಎಂದರೆ ‘ಮಾರ್ಕ್ಸ್ ಬಾರದವರು ಹೋಗುವ ಜಾಗ’ ಅನ್ನುವ ಮಾತಿದೆ. ಮಕ್ಕಳು ಅಲ್ಲಿಗೆ ಹೋದರೆ ಊರಿನವರ ಮುಂದೆ ಕಾಲೇಜಿನ ಹೆಸರು ಹೇಳದೆ ಮಾತು ತೇಲಿಸುವ ತಂದೆತಾಯಂದಿರನ್ನು ನೋಡಿದ್ದೇನೆ. ನನಗದು ತುಂಬಾ ನೋವಿನ ಸಂಗತಿ. ಒಂದು ರಾಜ್ಯ ತನ್ನ ಜನರಿಗೆ ಎರಡನೇ ಸಲ ಓದುವ ಅವಕಾಶವನ್ನು ಇಷ್ಟು ಅಗ್ಗಕ್ಕೆ, ಇಷ್ಟು ಮರ್ಯಾದೆಯಿಂದ ಕೊಡುವುದು ದೊಡ್ಡ ವಿಷಯ.

ಈಗ ಯೋಜನೆಗೆ ಬರೋಣ. ಇದನ್ನು ಹಿಂದಿನಿಂದ ಮುಂದಕ್ಕೆ ಮಾಡಬೇಕು. ಮೊದಲು ಹೋಗಬೇಕಾದ ಯೂನಿವರ್ಸಿಟಿಗಳನ್ನು ಆರಿಸಿ, ಅವು ಕೇಳುವ ಕೋರ್ಸುಗಳನ್ನು ಬರೆದುಕೊಂಡು, ಆಮೇಲೆ ನಮ್ಮ ಕಾಲೇಜಿನಲ್ಲಿ ಅವಕ್ಕೆ ಸಮನಾದವು ಯಾವುವು ಎಂದು ನೋಡಬೇಕು. ಅದಕ್ಕೆ ರಾಜ್ಯದ್ದೇ ಆದ ‘ಅಸಿಸ್ಟ್’ ಅನ್ನುವ ಜಾಲತಾಣ ಇದೆ. ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸು ಯಾವ ಸರ್ಕಾರಿ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅನ್ನುವುದು ಅಲ್ಲಿ ವರ್ಷವಾರು ಸಿಗುತ್ತದೆ. ಕೌನ್ಸೆಲರ್ ಹೇಳಿದ್ದನ್ನೂ ಅಲ್ಲಿ ಹೋಗಿ ತಾಳೆ ನೋಡುವುದು ಒಳ್ಳೆಯದು. ನನಗೆ ಒಬ್ಬ ಕೌನ್ಸೆಲರ್ ಒಂದು ಕೆಮಿಸ್ಟ್ರಿ ಸಾಕು ಅಂದರು, ಮತ್ತೊಬ್ಬರು ಸಾಲದು ಅಂದರು. ಇಬ್ಬರ ಮನಸ್ಸಿನಲ್ಲೂ ಬೇರೆಬೇರೆ ಯೂನಿವರ್ಸಿಟಿ ಇತ್ತು, ಹಾಗಾಗಿ ಇಬ್ಬರೂ ಸರಿಯೇ.

ಕೇಳುವ ಪಟ್ಟಿ ಎಲ್ಲ ಕಡೆ ಸುಮಾರು ಒಂದೇ: ಲ್ಯಾಬ್ ಸಮೇತ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಜೊತೆಗೆ ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್ ಬರವಣಿಗೆ, ಭಾಷಣ ಕಲೆ, ಕ್ರಿಟಿಕಲ್ ಥಿಂಕಿಂಗ್. ಕೊನೆಯ ನಾಲ್ಕನ್ನು ಕ್ಯಾಲ್ ಸ್ಟೇಟ್ ವಿದ್ಯಾರ್ಥಿಗಳು ‘ಗೋಲ್ಡನ್ ಫೋರ್’ ಅನ್ನುತ್ತಾರೆ. ಅವಿಲ್ಲದೆ ಟ್ರಾನ್ಸ್‌ಫರ್ ಮಾತೇ ಇಲ್ಲ. ಇದರ ಸುತ್ತ ಸಾಮಾನ್ಯ ಶಿಕ್ಷಣದ ಇತರ ಕೋರ್ಸುಗಳು. 2025ರ ಫಾಲ್‌ನಿಂದ ಇವಕ್ಕೆಲ್ಲ ‘ಕ್ಯಾಲ್-ಗೆಟ್ಸಿ’ ಅನ್ನುವ ಒಂದೇ ಚೌಕಟ್ಟು ಬಂದಿದೆ. ಒಟ್ಟು 34 ಯೂನಿಟ್, ಯುಸಿಗೂ ಕ್ಯಾಲ್ ಸ್ಟೇಟ್‌ಗೂ ಅದೇ. ಮೊದಲಿದ್ದ ಎರಡು ಬೇರೆಬೇರೆ ಪದ್ಧತಿಗಳಿಗಿಂತ ಇದು ಎಷ್ಟೋ ಸಲೀಸು. ಟ್ರಾನ್ಸ್‌ಫರ್‌ಗೆ ಕನಿಷ್ಠ 60 ಯೂನಿಟ್ ಬೇಕು. ಹಾಗೆಂದು ಸಿಕ್ಕಿದ್ದನ್ನೆಲ್ಲ ಓದುತ್ತ ಹೋದರೆ ಪ್ರಯೋಜನವಿಲ್ಲ, ಕಮ್ಯುನಿಟಿ ಕಾಲೇಜಿನಿಂದ 70 ಯೂನಿಟ್‌ಗಿಂತ ಹೆಚ್ಚನ್ನು ಕ್ಯಾಲ್ ಸ್ಟೇಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮ ಬೇ ಏರಿಯಾದಲ್ಲಿ ಕಾಲೇಜು ಬದಲಾಯಿಸುವವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಕೂಪರ್ಟಿನೋದ ಡಿ ಆಂಜಾ ಕಾಲೇಜಿನಲ್ಲಿ ಕ್ವಾರ್ಟರ್ ಪದ್ಧತಿ, ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳು. ಅಲ್ಲಿ ಅನಾಟಮಿ ಮತ್ತು ಫಿಸಿಯಾಲಜಿಯನ್ನು ಬೆರೆಸಿ ಮೂರು ಕ್ವಾರ್ಟರ್‌ಗಳ ಸರಣಿಯಾಗಿ ಕಲಿಸುತ್ತಾರೆ. ಎವರ್‌ಗ್ರೀನ್ ವ್ಯಾಲಿ, ಓಲೋನಿಯಂಥ ಕಡೆ ಸೆಮಿಸ್ಟರ್. ಮೂರರಲ್ಲಿ ಎರಡನ್ನು ಒಂದು ಕಡೆ ಓದಿ, ಉಳಿದದ್ದನ್ನು ಇನ್ನೊಂದು ಕಡೆ ಮುಗಿಸುತ್ತೇನೆಂದರೆ ಜೋಡಣೆಯಾಗುವುದಿಲ್ಲ. ಶುರು ಮಾಡಿದ ಸರಣಿಯನ್ನು ಅಲ್ಲೇ ಮುಗಿಸಿ ಹೊರಡಬೇಕು.

ಕೋರ್ಸುಗಳನ್ನು ಹೀಗೆ ಸಾಲಾಗಿ ಬರೆದರೆ ಮದುವೆ ಸಾಮಾನಿನ ಪಟ್ಟಿಯ ಹಾಗೆ ಕಾಣುತ್ತದೆ. ಒಳಗೆ ಕೂತಾಗ ಹಾಗಿಲ್ಲ. ಡೆಬಿಟ್-ಕ್ರೆಡಿಟ್ ಓದಿ ಬಂದ ನನಗೆ ಅನಾಟಮಿ ಲ್ಯಾಬ್ ಬೇರೆಯದೇ ಲೋಕ. ಮಣಿಕಟ್ಟಿನೊಳಗೆ ಎಂಟು ಪುಟ್ಟ ಮೂಳೆಗಳಿವೆ ಅನ್ನುವುದು ಇಷ್ಟು ವರ್ಷ ರೊಟ್ಟಿ ತಟ್ಟಿದ ಕೈಗೆ ಗೊತ್ತೇ ಇರಲಿಲ್ಲ. ಅವನ್ನು ಕಣ್ಣುಮುಚ್ಚಿ ಬೆರಳಿನಲ್ಲಿ ಮುಟ್ಟಿ ಹೆಸರು ಹೇಳುವ ಅಭ್ಯಾಸ ಮಾಡಿಸುತ್ತಿದ್ದರು. ತೋಳಿನ ಬುಡದಲ್ಲಿ ನರಗಳು ಕೂಡಿ, ಬೇರ್ಪಟ್ಟು, ಮತ್ತೆ ಕೂಡುವ ಬ್ರೇಕಿಯಲ್ ಪ್ಲೆಕ್ಸಸ್ ಅನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದೆ. ಕುಕ್ಕರ್ ಕೂಗುವಷ್ಟರಲ್ಲಿ ಒಂದು ಸುತ್ತು ಹೇಳಿ ಮುಗಿಸುವುದು. ಫಿಸಿಯಾಲಜಿಯಲ್ಲಿ ಮೂತ್ರಪಿಂಡದ ಪಾಠ ಬಂದಾಗ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಸಂಖ್ಯೆ ಬರೆದರು: 180 ಲೀಟರ್. ಎರಡು ಮೂತ್ರಪಿಂಡಗಳು ಸೇರಿ ಒಂದು ದಿನಕ್ಕೆ ರಕ್ತದಿಂದ ಸೋಸಿ ತೆಗೆಯುವ ದ್ರವ ಅದು. ಹೊರಗೆ ಹೋಗುವುದು ಸುಮಾರು ಒಂದೂವರೆ ಲೀಟರ್ ಮಾತ್ರ, ಉಳಿದದ್ದಷ್ಟೂ ವಾಪಸ್ ರಕ್ತಕ್ಕೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ನನ್ನ ದೊಡ್ಡಪ್ಪನಿಗೆ ಲೋಟದಲ್ಲಿ ಅಳೆದು ನೀರು ಕೊಡುತ್ತಿದ್ದದ್ದು ಯಾಕೆ ಅನ್ನುವುದು ಆವತ್ತು ನನಗೆ ಪೂರ್ತಿಯಾಗಿ ಅರ್ಥವಾಯಿತು. ಮನೆಯಲ್ಲಿ ಯಾರೂ ಅದನ್ನು ಬಿಡಿಸಿ ಹೇಳಿರಲಿಲ್ಲ. ದೊಡ್ಡಪ್ಪ ಬಾಯಾರಿಕೆಯಿಂದ ಗೋಳಾಡುತ್ತಿದ್ದರೆ ದೊಡ್ಡಮ್ಮ ಕದ್ದು ಎರಡು ಗುಟುಕು ಕೊಡುತ್ತಿದ್ದಳು.

ಮೈಕ್ರೋಬಯಾಲಜಿಯಲ್ಲಿ ಗ್ರಾಮ್ ಸ್ಟೇನ್ ಅಂತ ಒಂದು ಪರೀಕ್ಷೆ ಇದೆ. ಗಾಜಿನ ಸ್ಲೈಡಿನ ಮೇಲೆ ಬ್ಯಾಕ್ಟೀರಿಯಾ ಸವರಿ, ನೇರಳೆ ಬಣ್ಣ, ಅಯೋಡಿನ್, ಆಲ್ಕೋಹಾಲ್, ಕೊನೆಗೆ ಸಾಫ್ರನಿನ್ ಹಾಕುವುದು. ದಪ್ಪ ಗೋಡೆಯವು ನೇರಳೆಯಾಗಿಯೇ ಉಳಿಯುತ್ತವೆ, ಉಳಿದವು ಗುಲಾಬಿಯಾಗುತ್ತವೆ. ಆಲ್ಕೋಹಾಲ್ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಫಲಿತಾಂಶವೇ ತಿರುವುಮುರುವು. ಯಾವ ಆಂಟಿಬಯಾಟಿಕ್ ಅನ್ನುವ ನಿರ್ಧಾರ ಈ ಎರಡು ಬಣ್ಣಗಳಿಂದ ಶುರುವಾಗುತ್ತದೆ ಎಂದು ತಿಳಿದ ಮೇಲೆ ಕೈ ತಾನಾಗಿಯೇ ನಿಧಾನವಾಗುತ್ತದೆ. ಈ ಮೂರು ಕೋರ್ಸುಗಳನ್ನು ಕೇವಲ ಅಡೆತಡೆಯೆಂದು ನೋಡಿ, ಎಲ್ಲಿ ಸುಲಭ, ಯಾವ ಮೇಷ್ಟ್ರು ಧಾರಾಳಿ ಅಂತ ಹುಡುಕುವವರಿದ್ದಾರೆ. ಗ್ರೇಡಿನ ಭಯ ನನಗೂ ಗೊತ್ತು. ಆದರೂ ನಾಳೆ ಹಾಸಿಗೆಯಲ್ಲಿ ಮಲಗಿರುವ ಮನುಷ್ಯನ ಬಗ್ಗೆ ನಮಗೆ ಗೊತ್ತಿರಬೇಕಾದದ್ದರ ಬುಡ ಇಲ್ಲೇ ಇರುವುದು. ಇಲ್ಲಿ ಚೆನ್ನಾಗಿ ಕಲಿಯುವುದೇ ಯೋಜನೆಯ ಮೊದಲ ಭಾಗ.

ಗ್ರೇಡಿನ ವಿಷಯ ನೇರವಾಗಿ ಹೇಳುತ್ತೇನೆ. ಕ್ಯಾಟಲಾಗಿನಲ್ಲಿ ಪ್ರತಿ ಕೋರ್ಸಿಗೂ ‘ಸಿ’ ಕನಿಷ್ಠ, ಜಿಪಿಎ (ಗ್ರೇಡುಗಳ ಸರಾಸರಿ) 3.0 ಕನಿಷ್ಠ ಎಂದೆಲ್ಲ ಬರೆದಿರುತ್ತದೆ. ಅದು ಅರ್ಜಿ ಹಾಕುವ ಅರ್ಹತೆ ಮಾತ್ರ, ಆಯ್ಕೆಯಾಗುವವರ ಅಂಕ ಅದಕ್ಕಿಂತ ಬಹಳ ಮೇಲಿರುತ್ತದೆ. ಒಂದು ಕೋರ್ಸನ್ನು ಎಷ್ಟು ಸಲ ಪುನಃ ಓದಬಹುದು, ಮಧ್ಯದಲ್ಲಿ ಬಿಟ್ಟರೆ ಅದನ್ನೊಂದು ಪ್ರಯತ್ನವೆಂದು ಎಣಿಸುತ್ತಾರೋ ಇಲ್ಲವೋ, ವಿಜ್ಞಾನದ ಕೋರ್ಸು ಎಷ್ಟು ವರ್ಷದ ಒಳಗಿನದಾಗಿರಬೇಕು ಅನ್ನುವುದೆಲ್ಲ ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ಬೇರೆ. ಮನೆ, ಮಕ್ಕಳು ಅಂತ ವರ್ಷಕ್ಕೊಂದೇ ಕೋರ್ಸು ತೆಗೆದುಕೊಳ್ಳುವ ನನ್ನಂಥವರು ಈ ಕೊನೆಯದನ್ನು ಮುಖ್ಯವಾಗಿ ನೋಡಬೇಕು. ತೀರಾ ನಿಧಾನವಾದರೆ ಮೊದಲು ಓದಿದ ಅನಾಟಮಿ ಹಳತಾಗಿಬಿಡುತ್ತದೆ. ಇದರ ಮೇಲೆ ‘ಟೀಸ್’ ಅನ್ನುವ ಪ್ರವೇಶ ಪರೀಕ್ಷೆ. ಓದಿ ಅರ್ಥಮಾಡಿಕೊಳ್ಳುವುದು, ಗಣಿತ, ವಿಜ್ಞಾನ, ಇಂಗ್ಲಿಷ್ ಭಾಷೆ, ಒಟ್ಟು 170 ಪ್ರಶ್ನೆ, 209 ನಿಮಿಷ. ಗಣಿತ ನಮ್ಮ ಹೈಸ್ಕೂಲ್ ಮಟ್ಟದ್ದು, ಹೆದರಬೇಕಿಲ್ಲ. ವಿಜ್ಞಾನದ ಭಾಗ ಇರುವುದರಿಂದ ಅನಾಟಮಿ-ಫಿಸಿಯಾಲಜಿ ಮುಗಿದ ಕೂಡಲೇ, ತಲೆಯಲ್ಲಿ ಹಸಿಯಾಗಿರುವಾಗಲೇ ಪರೀಕ್ಷೆ ಬರೆಯುವುದು ಜಾಣತನ.

ಇಲ್ಲಿಗೆ ಒಂದು ಬಾಗಿಲಿನ ಕಥೆ ಆಯಿತು. ನಾನು ಎಲ್ಲರಿಗೂ ಒತ್ತಿ ಹೇಳುವುದು ಎರಡನೇ ಬಾಗಿಲಿನ ಬಗ್ಗೆ. ಅನೇಕ ಕಮ್ಯುನಿಟಿ ಕಾಲೇಜುಗಳು ತಾವೇ ನರ್ಸಿಂಗ್ ಕಲಿಸುತ್ತವೆ. ಪೂರ್ವಭಾವಿ ಕೋರ್ಸುಗಳು ಮುಗಿದ ಮೇಲೆ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ, ಅಂದರೆ ಎಡಿಎನ್. ಯೂನಿವರ್ಸಿಟಿಯಲ್ಲಿ ಸಿಗುವುದು ಬಿಎಸ್‌ಎನ್, ಅಂದರೆ ನರ್ಸಿಂಗ್‌ನ ಬ್ಯಾಚುಲರ್ ಪದವಿ. ಎರಡನ್ನೂ ಓದಿದವರು ಬರೆಯುವುದು ಒಂದೇ ಎನ್‌ಕ್ಲೆಕ್ಸ್ ಪರೀಕ್ಷೆ, ಪಡೆಯುವುದು ಒಂದೇ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್. ಈ ಎಡಿಎನ್ ಹುಟ್ಟಿದ್ದೂ ಒಂದು ಪ್ರಯೋಗವಾಗಿ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ನರ್ಸುಗಳ ಕೊರತೆ ತೀವ್ರವಾಗಿದ್ದಾಗ ಮಿಲ್ಡ್ರೆಡ್ ಮೊಂಟಾಗ್ ಅನ್ನುವ ಶಿಕ್ಷಣತಜ್ಞೆ ಕೊಲಂಬಿಯಾದ ಟೀಚರ್ಸ್ ಕಾಲೇಜಿನಲ್ಲಿ 1951ರ ಹೊತ್ತಿಗೆ ಈ ವಿಚಾರ ಮಂಡಿಸಿದರು. ಮರುವರ್ಷವೇ ಕೆಲವು ಕಾಲೇಜುಗಳಲ್ಲಿ ಪ್ರಯೋಗ ಶುರುವಾಯಿತು. ಎರಡು ವರ್ಷ ಓದಿದವರ ಕೆಲಸ ಬೇರೆ, ನಾಲ್ಕು ವರ್ಷ ಓದಿದವರ ಕೆಲಸ ಬೇರೆ ಆಗಿರಬೇಕು ಅನ್ನುವುದು ಅವರ ಕಲ್ಪನೆಯಾಗಿತ್ತು. ಲೈಸೆನ್ಸ್ ಪರೀಕ್ಷೆ ಮಾತ್ರ ಒಂದೇ ಆಗಿ ಉಳಿಯಿತು. ಇವತ್ತಿನ ಎಡಿಎನ್ ಮೇಲೋ ಬಿಎಸ್‌ಎನ್ ಮೇಲೋ ಅನ್ನುವ ಜಗ್ಗಾಟದ ಬೇರು ಅಲ್ಲಿದೆ.

ಬಿಎಸ್‌ಎನ್‌ಗೆ ಬೆಲೆಯಿಲ್ಲ ಅಂತ ನಾನು ಹೇಳುವುದಿಲ್ಲ. ಲಿಂಡಾ ಐಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಪದವೀಧರ ನರ್ಸುಗಳ ಪಾಲು ಶೇ. 10ರಷ್ಟು ಹೆಚ್ಚಿದ ಕಡೆ ಶಸ್ತ್ರಚಿಕಿತ್ಸೆಯಾದ ರೋಗಿಗಳ ಸಾವಿನ ಸಾಧ್ಯತೆ ಶೇ. 5ರಷ್ಟು ಕಡಿಮೆ ಇರುವುದು ಕಂಡಿತ್ತು. 2010ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, 2020ರೊಳಗೆ ಶೇ. 80ರಷ್ಟು ನರ್ಸುಗಳು ಬಿಎಸ್‌ಎನ್ ಪಡೆದಿರಬೇಕು ಎಂದು ಶಿಫಾರಸು ಮಾಡಿತು. ದೊಡ್ಡ ಆಸ್ಪತ್ರೆಗಳು ಹೊಸಬರನ್ನು ತೆಗೆದುಕೊಳ್ಳುವಾಗ ಬಿಎಸ್‌ಎನ್ ಕಡೆಗೇ ವಾಲುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ಹೆಲ್ತ್ ನರ್ಸ್ ಆಗಲು ಬ್ಯಾಚುಲರ್ ಪದವಿ ಬೇಕೇ ಬೇಕು. ಹಾಗಾಗಿ ಗುರಿ ಬಿಎಸ್‌ಎನ್ ಆಗಿರಲಿ. ಆದರೆ ಎಡಿಎನ್ ಮಾಡಿ ಆರ್‌ಎನ್ ಆದವರು ಆಮೇಲೆ ಕ್ಯಾಲ್ ಸ್ಟೇಟ್‌ಗೆ ಹೋಗಿ ಬಿಎಸ್‌ಎನ್ ಮುಗಿಸಬಹುದು. ಓದಿದ್ದನ್ನೇ ಮತ್ತೆ ಓದಿಸಬಾರದು ಅಂತ 2009ರಲ್ಲಿ ರಾಜ್ಯ ಕಾನೂನೇ ಮಾಡಿದೆ. ಎಡಿಎನ್ ಓದುತ್ತಿರುವಾಗಲೇ ಪಕ್ಕದಲ್ಲಿ ಕ್ಯಾಲ್ ಸ್ಟೇಟ್‌ನ ಬಿಎಸ್‌ಎನ್ ಕೋರ್ಸುಗಳನ್ನೂ ತೆಗೆದುಕೊಳ್ಳುವ ಜಂಟಿ ವ್ಯವಸ್ಥೆಯೂ ಕೆಲವು ಕಡೆ ಇದೆ. ನೇರವಾಗಿ ಯೂನಿವರ್ಸಿಟಿಗೆ ಹೋದವರಿಗೂ ಟ್ರಾನ್ಸ್‌ಫರ್ ಆದ ಮೇಲೆ ಅನೇಕ ಕಡೆ ಎರಡೂವರೆ, ಮೂರು ವರ್ಷ ಹಿಡಿಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಾಲದ ಅಂತರ ಜನ ಅಂದುಕೊಂಡಷ್ಟಿಲ್ಲ. ಕಮ್ಯುನಿಟಿ ಕಾಲೇಜುಗಳೇ ಬಿಎಸ್‌ಎನ್ ಕೊಡಲಿ ಅನ್ನುವ ಮಸೂದೆಯೊಂದು 2024ರಲ್ಲಿ ಶಾಸನಸಭೆ ದಾಟಿತ್ತು, ಗವರ್ನರ್ ನ್ಯೂಸಮ್ ವೀಟೋ ಹಾಕಿ ತಡೆದರು. ನನಗೆ ಅದು ಬೇಸರ ತಂದ ಸುದ್ದಿ. ದೂರದ ಊರಿನ, ಚಿಕ್ಕ ಮಕ್ಕಳಿರುವ ಎಷ್ಟೋ ಹೆಣ್ಣುಮಕ್ಕಳಿಗೆ ಮನೆಯ ಹತ್ತಿರದ ಕಾಲೇಜೇ ಕೈಗೆಟುಕುವ ಕಾಲೇಜು.

ಮುಖ್ಯ ಮಾತು ಇಷ್ಟು: ಎರಡೂ ಬಾಗಿಲುಗಳು ಕೇಳುವ ಕೋರ್ಸುಗಳು ಬಹುಪಾಲು ಒಂದೇ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಎರಡಕ್ಕೂ ಬೇಕು, ಟೀಸ್ ಅನೇಕ ಕಡೆ ಎರಡಕ್ಕೂ ಬೇಕು. ಹಾಗಿರುವಾಗ ಒಂದನ್ನೇ ನೆಚ್ಚಿಕೊಂಡು ಕೂರುವುದು ಯಾಕೆ? ಮೊದಲ ಸೆಮಿಸ್ಟರಿನಿಂದಲೇ ಎರಡಕ್ಕೂ ಹೊಂದುವ ಹಾಗೆ ಕೋರ್ಸು ಆರಿಸಿಕೊಂಡರೆ ಯಾವ ಬಾಗಿಲು ತೆರೆದರೂ ಓದಿದ್ದು ವ್ಯರ್ಥವಾಗುವುದಿಲ್ಲ.

ಎಡಿಎನ್ ಆಯ್ಕೆಯಲ್ಲಿ ನಮಗೆ ಸಂಬಂಧಪಟ್ಟ ಒಂದು ಅಂಶ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಅರ್ಜಿಗಳು ಸೀಟಿಗಿಂತ ಹೆಚ್ಚಾದಾಗ ಕಮ್ಯುನಿಟಿ ಕಾಲೇಜುಗಳು ಬಳಸಬಹುದಾದ ಅಳತೆಗೋಲುಗಳನ್ನು ರಾಜ್ಯದ ಶಿಕ್ಷಣ ಕಾನೂನು ಹೇಳುತ್ತದೆ. ಗ್ರೇಡು, ಟೀಸ್ ಅಂಕ, ಆರೋಗ್ಯ ಕ್ಷೇತ್ರದ ಅನುಭವ, ಬದುಕಿನ ಕಷ್ಟಗಳು, ಇವುಗಳ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಜ್ಞಾನವೂ ಅದರಲ್ಲಿದೆ. ಉದಾಹರಣೆಯಾಗಿ ಕೊಟ್ಟ ಭಾಷೆಗಳಲ್ಲಿ ಸ್ಪ್ಯಾನಿಷ್, ಅರೇಬಿಕ್, ಟಗಾಲಾಗ್ ಜೊತೆಗೆ ಭಾರತ ಉಪಖಂಡದ ಭಾಷೆಗಳನ್ನೂ ಹೆಸರಿಸಿದ್ದಾರೆ. ಕನ್ನಡ ಬಲ್ಲವರು ಅರ್ಜಿ ಹಾಕುವ ಕಾಲೇಜಿನ ನಿಯಮದಲ್ಲಿ ಇದನ್ನು ಹುಡುಕಿ ನೋಡಿ. ಒಂದೆರಡು ಅಂಕವೇ ಇರಬಹುದು, ಸೀಟು ನಿಲ್ಲುವುದೂ ಜಾರುವುದೂ ಆ ಒಂದೆರಡರಲ್ಲೇ. ಅನುಭವದ ಅಂಕಕ್ಕೆ ಸಿಎನ್‌ಎ, ಅಂದರೆ ನರ್ಸಿಂಗ್ ಸಹಾಯಕರ ತರಬೇತಿ ಒಳ್ಳೆಯ ದಾರಿ. ಕ್ಯಾಲಿಫೋರ್ನಿಯಾದಲ್ಲಿ 60 ಗಂಟೆ ಪಾಠ, 100 ಗಂಟೆ ಪ್ರಾಯೋಗಿಕ ಕೆಲಸ. ಅಂಕ ಪಕ್ಕಕ್ಕಿರಲಿ, ವಯಸ್ಸಾದವರಿಗೆ ಸ್ನಾನ ಮಾಡಿಸಿ, ಮಗ್ಗುಲು ತಿರುಗಿಸಿ, ಊಟ ಮಾಡಿಸುವ ಕೆಲಸ ನಮ್ಮಿಂದ ಆಗುತ್ತದೋ ಇಲ್ಲವೋ ಅನ್ನುವುದು ಕೆಮಿಸ್ಟ್ರಿಗೆ ಮೊದಲೇ ಗೊತ್ತಾಗುವುದು ಒಳ್ಳೆಯದು.

ಇಷ್ಟೊಂದು ನರ್ಸುಗಳು ಬೇಕೆಂದು ಎಲ್ಲ ಕಡೆ ಹೇಳುವಾಗ ಸೀಟು ಯಾಕೆ ಇಷ್ಟು ಕಡಿಮೆ? ಕಲಿಸುವವರು ಸಾಲದು. ಕಲಿಸಲು ಮಾಸ್ಟರ್ಸ್ ಬೇಕು, ಆದರೆ ಅಷ್ಟು ಓದಿದವರಿಗೆ ಆಸ್ಪತ್ರೆಯಲ್ಲೇ ಹೆಚ್ಚು ಸಂಬಳ. ಪ್ರಾಯೋಗಿಕ ತರಬೇತಿಗೆ ಆಸ್ಪತ್ರೆಗಳಲ್ಲಿ ಜಾಗವೂ ಬೇಕು, ಒಂದೇ ವಾರ್ಡಿಗಾಗಿ ಹಲವು ಕಾಲೇಜುಗಳ ಪೈಪೋಟಿ. ಕಾಲೇಜೊಂದು ಸೀಟು ಹೆಚ್ಚಿಸಬೇಕಾದರೆ ರಾಜ್ಯದ ನರ್ಸಿಂಗ್ ಮಂಡಳಿಯ ಒಪ್ಪಿಗೆ ಬೇಕು. ಸೀಟು ಸಿಗದಿದ್ದವರು ತಾವು ಕೈಲಾಗದವರೆಂದು ಕುಗ್ಗುವುದನ್ನು ನೋಡಿದಾಗ ನನಗೆ ಇದನ್ನು ಜೋರಾಗಿ ಹೇಳಬೇಕೆನಿಸುತ್ತದೆ. ಈ ಸಂಕಟದಲ್ಲಿ ಕೆಲವರು ಖಾಸಗಿ ಕಾಲೇಜುಗಳತ್ತ ಹೋಗುತ್ತಾರೆ. ಬೇಗ ಮುಗಿಯುತ್ತದೆ ನಿಜ, ಕೆಲವು ಕಡೆ ಖರ್ಚು ಲಕ್ಷ ಡಾಲರ್ ಮುಟ್ಟುತ್ತದೆ. ಕ್ಯಾಲ್ ಸ್ಟೇಟ್ ಕೂಡ 2023ರಲ್ಲಿ ವರ್ಷಕ್ಕೆ ಶೇ. 6ರಂತೆ ಐದು ವರ್ಷ ಫೀಸು ಏರಿಸಲು ತೀರ್ಮಾನಿಸಿದೆ. ಹಾಗಿದ್ದೂ ಹೋಲಿಸಿದರೆ ಕೈಗೆಟುಕುವ ಮಟ್ಟದಲ್ಲೇ ಇದೆ.

ನಮ್ಮವರಿಗೆ ವೀಸಾದ ಪ್ರಶ್ನೆ ಇದ್ದೇ ಇರುತ್ತದೆ. ಎಚ್-4ನಲ್ಲಿರುವವರು, ಅಂದರೆ ಎಚ್-1ಬಿ ಕೆಲಸದ ವೀಸಾದವರ ಹೆಂಡತಿ, ಗಂಡ, ಮಕ್ಕಳು, ಓದಬಹುದು. ರಾಜ್ಯದಲ್ಲಿ ಒಂದು ವರ್ಷಕ್ಕೂ ಹೆಚ್ಚು ನೆಲೆಸಿ, ಇಲ್ಲೇ ಇರುವ ಉದ್ದೇಶವನ್ನು ದಾಖಲೆ ಸಮೇತ ತೋರಿಸಿದರೆ ನಿವಾಸಿಗಳ ಫೀಸೂ ಸಿಗುತ್ತದೆ. ವಿದ್ಯಾರ್ಥಿ ವೀಸಾ ಎಫ್-1ನವರಿಗೆ ಅದಿಲ್ಲ. ಎಚ್-4ನಲ್ಲಿರುವ ಮಕ್ಕಳಿಗೆ 21 ತುಂಬಿದ ದಿನ ಆ ವೀಸಾ ಮುಗಿಯುತ್ತದೆ. ಹದಿನೆಂಟಕ್ಕೆ ಕಮ್ಯುನಿಟಿ ಕಾಲೇಜು ಸೇರಿದ ಮಗುವಿಗೆ ಇಪ್ಪತ್ತೊಂದಾಗುವುದು ಸರಿಯಾಗಿ ನರ್ಸಿಂಗ್‌ನ ನಡುವೆ. ಫೀಸಿನ ಲೆಕ್ಕವೂ ಅಲ್ಲೇ ತಲೆಕೆಳಗಾಗುತ್ತದೆ. ಮಕ್ಕಳಿಗಾಗಿ ಯೋಜನೆ ಮಾಡುವ ತಂದೆತಾಯಂದಿರು ಈ ವರ್ಷವನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ, ವಕೀಲರ ಜೊತೆ ಮಾತಾಡಿಟ್ಟುಕೊಳ್ಳಿ. ಇನ್ನು ಊರಲ್ಲೇ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಬಂದವರಿಗೆ ಈ ದಾರಿ ಬೇಡ. ಅವರು ನೇರವಾಗಿ ರಾಜ್ಯದ ನರ್ಸಿಂಗ್ ಮಂಡಳಿಗೆ ಅಂಕಪಟ್ಟಿ ತರಿಸಿ ಅರ್ಜಿ ಹಾಕಬೇಕು.

ಹಳೆಯ ಪದವಿ ಏನಾಗುತ್ತದೆ ಅನ್ನುವುದು ನನ್ನಂಥವರ ಪ್ರಶ್ನೆ. ಮೂರು ವರ್ಷದ ಬಿಕಾಂ ಅನ್ನು ವಿದೇಶಿ ಪದವಿಗಳನ್ನು ಅಳೆಯುವ ಒಂದು ಮೌಲ್ಯಮಾಪನ ಸಂಸ್ಥೆ ಪೂರ್ಣ ಪದವಿ ಎಂದು ಬರೆದರೆ, ಇನ್ನೊಂದು ಮೂರು ವರ್ಷದ ಓದು ಎಂದಷ್ಟೇ ಬರೆಯುತ್ತದೆ. ಇದರ ಪರಿಣಾಮ ಚಿಕ್ಕದಲ್ಲ. ಪದವಿ ಇದೆ ಎಂದಾದರೆ ಎರಡನೇ ಬ್ಯಾಚುಲರ್‌ಗೆ ಅರ್ಜಿ ತೆಗೆದುಕೊಳ್ಳದ ಕ್ಯಾಂಪಸ್‌ಗಳು ಕೈಬಿಟ್ಟು ಹೋಗುತ್ತವೆ, ಅಮೆರಿಕದ ಕೇಂದ್ರ ಸರ್ಕಾರ ಓದಿಗೆ ಕೊಡುವ ಪೆಲ್ ಗ್ರಾಂಟ್ ಅನ್ನುವ ಸಹಾಯಧನ ಸಿಗುವುದಿಲ್ಲ. ಹಾಗೆಂದು ಹಳೆಯ ಪದವಿಯನ್ನು ಮುಚ್ಚಿಡುವಂತಿಲ್ಲ, ಓದಿದ ಪ್ರತಿ ಕಾಲೇಜನ್ನೂ ಅರ್ಜಿಯಲ್ಲಿ ತೋರಿಸಲೇಬೇಕು. ಅದಕ್ಕೆ ನನ್ನ ಪಟ್ಟಿಯಲ್ಲಿ ಎಡಿಎನ್ ಕಾಲೇಜುಗಳು ಮೇಲಿವೆ, ಎರಡನೇ ಪದವಿಗೆ ತೆಗೆದುಕೊಳ್ಳುವ ಕ್ಯಾಲ್ ಸ್ಟೇಟ್‌ಗಳು ಅದರ ಕೆಳಗೆ.

ಈ ಸೆಮಿಸ್ಟರ್ ಮೈಕ್ರೋಬಯಾಲಜಿ ನಡೆಯುತ್ತಿದೆ. ಕ್ಯಾಲ್ ಸ್ಟೇಟ್ ಅರ್ಜಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಅದರ ಹಿಂದೆಯೇ ನರ್ಸಿಂಗ್ ವಿಭಾಗಗಳ ಪ್ರತ್ಯೇಕ ಅರ್ಜಿಗಳು, ಎಡಿಎನ್ ಕಾಲೇಜುಗಳ ಅರ್ಜಿಗಳು, ಪ್ರತಿಯೊಂದಕ್ಕೂ ಬೇರೆ ಕೊನೆಯ ದಿನಾಂಕ. ಹಾಸನದಿಂದ ಸೀಲ್ ಮಾಡಿದ ಅಂಕಪಟ್ಟಿ ತರಿಸುವ ಕೆಲಸವನ್ನು ತಮ್ಮ ಹೊತ್ತುಕೊಂಡಿದ್ದಾನೆ. ಭಾಷಣ ಕಲೆಯ ಕೋರ್ಸೊಂದು ಬಾಕಿ ಇತ್ತು, ಅದನ್ನು ಚಳಿಗಾಲದ ಚಿಕ್ಕ ಅವಧಿಗೆ ಹಾಕಿಕೊಂಡಿದ್ದೇನೆ. ಮೊದಲ ಭಾಷಣಕ್ಕೆ ವಿಷಯ ಆರಿಸಿದ್ದಾಗಿದೆ: ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದರೆ ನೀರು ಅಳೆಯುವುದು ಹೇಗೆ, ಯಾಕೆ.